ಎದುರು ಮೂಲೆಯ ಪುಷ್ಪಿಗೆ

ಪುಷ್ಪಿ,

ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ ಎಂದು ಶುರು ಮಾಡುವುದನ್ನು ನಮಗೆ ಸಾಲಿಯಲ್ಲಿ ಕಲಿಸಿದ್ದರು. ನಿನಗೆ ಹಾಗೆ ಬರೆಯಲಿಕ್ಕೆ ಬರುವುದಿಲ್ಲ. ನೀನು ಹೋಗಿ ಹನ್ನೆರಡು ವರ್ಷವಾಯಿತು. ನೀನು ಹದಿನಾಲ್ಕರಲ್ಲೇ ನಿಂತಿದ್ದೀ, ನಾನು ಮಾತ್ರ ದೊಡ್ಡವಳಾಗುತ್ತ ಬಂದಿದ್ದೇನೆ. ಈಗ ನರೇಗಲ್ಲಿನ ಒಂದು ಸಾಲಿಯಲ್ಲಿ ಆಟದ ಟೀಚರ್. ಕೇಳಿದರೆ ನಗುತ್ತಿದ್ದೆ ನೀನು. ಪ್ರಾರ್ಥನೆಗೆ ಸಾಲಿನಲ್ಲಿ ನಿಲ್ಲೆಂದರೆ ಒಂದು ನಿಮಿಷ ನಿಲ್ಲದವಳು ನಾನು.

ನಿಲ್ಲುವುದನ್ನು ನನಗೆ ಕಲಿಸಿದವಳು ನೀನೇ ಅಲ್ಲವೇ. ರೋಣದ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಖೊಖೊ ಆಡುತ್ತಿದ್ದೆವು. ನಾನು ಗಜೇಂದ್ರಗಡದ ನೇಕಾರರ ಮಗಳು, ನೀನು ಹೊಳೆಮಣ್ಣೂರಿನ ಒಕ್ಕಲುತನದವರ ಮಗಳು. ಒಂದೇ ಟ್ರಂಕಿನಲ್ಲಿ ಇಬ್ಬರ ಅರಿವೆ ಇಡುತ್ತಿದ್ದೆವು. ಒಂಬತ್ತನೆಯ ಇಯತ್ತೆಯ ದಸರೆ ಸೂಟಿಗೆ ಮೊದಲು ನಮ್ಮ ಆಟದ ಮಾಸ್ತರು ಯಮನೂರಸಾಬ ಸರ್ ಬಂದು, ಧಾರವಾಡದಲ್ಲಿ ಟೆನಿಸ್ ಪಂದ್ಯ ನಡೆಯುತ್ತವೆ, ಹೊರದೇಶದ ಆಟಗಾರರು ಬರುತ್ತಾರೆ, ಅಂಕಣದಲ್ಲಿ ಚೆಂಡು ಎತ್ತಿಕೊಡಲಿಕ್ಕೆ ಚುರುಕಾಗಿ ಓಡುವ ಮಕ್ಕಳು ಬೇಕಂತೆ ಎಂದರು. ಟೆನಿಸ್ ಅಂದರೆ ಏನೆಂದು ನಮಗೆ ಗೊತ್ತಿರಲಿಲ್ಲ. ಇಬ್ಬರೂ ಕೈ ಎತ್ತಿದೆವು.

ಎರೆಮಣ್ಣಿನ ಮೈದಾನದಲ್ಲಿ ಆ ಚೆಂಡು ಪುಟಿಯಲೇ ಇಲ್ಲ. ಸರ್ ನಮ್ಮನ್ನು ಎಪಿಎಂಸಿಯ ಸಿಮೆಂಟಿನ ನೆಲಕ್ಕೆ ಕರೆದುಕೊಂಡು ಹೋದರು. ಗೋವಿನಜೋಳದ ಚೀಲಗಳ ನಡುವೆ ಹತ್ತು ದಿನ ಚೆಂಡು ಉರುಳಿಸಿದೆವು. ಹಮಾಲರು ಬೀಡಿ ಹಚ್ಚಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಧಾರವಾಡಕ್ಕೆ ಹೋದ ಮೇಲೆ ಅಲ್ಲಿಯ ತರಬೇತಿಯವರು ಹೇಳಿದ ಮಾತು ಎರಡೇ. ಚೆಂಡು ಒಗೀಬ್ಯಾಡ್ರಿ, ನೆಲದ ಮ್ಯಾಲೆ ಉರುಳಸ್ರಿ. ಆಟ ನಡೆದಾಗ ಕಲ್ಲಾಗ್ರಿ, ಮೂಗಿನ ಮ್ಯಾಲೆ ನೊಣ ಕುಂತರೂ ಝಾಡಿಸಬ್ಯಾಡ್ರಿ. ಚೆಂಡು ಉರುಳಿಸುವುದು ನನಗೆ ಬಂತು, ಕಲ್ಲಾಗುವುದು ಬರಲಿಲ್ಲ. ನಾಲಗೆಯ ತುದಿ ಹಲ್ಲಿನಲ್ಲಿ ಹಿಡಿದುಕೊ, ಮೈ ತಾನೇ ನಿಲ್ಲುತ್ತದೆ ಎಂದು ನೀನು ಹೇಳಿಕೊಟ್ಟೆ. ನಾನು ಹಾಗೆಯೇ ನಿಂತೆ.

ಎಂಟು ದಿನ ನಾವು ಅಂಕಣದೊಳಗೆ ಇದ್ದೆವು, ಪುಷ್ಪಿ. ಟಿವಿಯಲ್ಲಿ ನೋಡುವವರಿಗೆ ಆಟ ಮಾತ್ರ ಕಾಣುತ್ತದೆ. ನಮಗೆ ಆಟಗಾರರ ಉಸಿರು ಕೇಳುತ್ತಿತ್ತು. ಬೂಟು ನೆಲಕ್ಕೆ ಉಜ್ಜಿ ಕಿರ್ ಎನ್ನುವುದು, ಚೆಂಡಿನ ಹೊಸ ಡಬ್ಬಿ ತೆಗೆದಾಗ ಬುಸ್ ಎಂದು ಬರುವ ವಾಸನೆ, ತಪ್ಪಿ ಹೊಡೆದವನು ಗೋಡೆಯ ಕಡೆ ತಿರುಗಿ ತನ್ನನ್ನೇ ಬೈದುಕೊಳ್ಳುವುದು, ಎಲ್ಲ ನಮ್ಮ ಮೊಳದಳತೆಯಲ್ಲಿ. ಮೂರನೆಯ ದಿನ ಹೊರದೇಶದ ಆ ಎತ್ತರದ ಹುಡುಗ ಸೋಲುತ್ತಿದ್ದ. ನೀನು ಟವೆಲ್ ಚಾಚಿದಾಗ ಮುಖ ಅದರೊಳಗೆ ಹುದುಗಿಸಿದವನು ಬಹಳ ಹೊತ್ತು ತೆಗೆಯಲಿಲ್ಲ. ಅಳುತ್ತಿದ್ದ. ಏನೋ ಅಂದ, ನೀನು ತಲೆ ಆಡಿಸಿದೆ. ಆಮೇಲೆ ನಾನು ಕೇಳಿದೆ, ಏನಂದ ಎಂದು. “ಗೊತ್ತಿಲ್ಲ,” ಎಂದೆ ನೀನು. “ಅವ್ವನ ನೆನಪಾಗಿರಬೇಕು.”

ಶುಕ್ರವಾರ ಸಂಜೆ ಭಾನುವಾರದ ಫೈನಲ್ಲಿಗೆ ನಿಲ್ಲುವ ಮಕ್ಕಳ ಹೆಸರು ಓದಿದರು. ಜೋಡಿ ಜೋಡಿಯಾಗಿ ಆರಿಸಿದ್ದರು, ಅಂಕಣದ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು. ಒಬ್ಬರು ಬಿಟ್ಟರೆ ಇಬ್ಬರೂ ಬಿಟ್ಟಂತೆ. ನಮ್ಮ ಜೋಡಿಯ ಹೆಸರು ಇತ್ತು. ನಾನು ಕುಣಿದೆ. ನೀನು ನಕ್ಕೆ, ಆದರೆ ಗೋಡೆ ಹಿಡಿದುಕೊಂಡು ನಕ್ಕೆ. ಅದು ನನಗೆ ಆಗ ಕಂಡಿರಲಿಲ್ಲ. ಈಗ ದಿನಾ ಕಾಣುತ್ತದೆ.

ಶನಿವಾರ ಮುಂಜಾನೆ ನಳದ ಕಡೆ ಮುಖ ತೊಳೆಯುವಾಗ ನೀನು ಹೇಳಿದ್ದು ಇಷ್ಟು: “ಶಾಂಭವಿ, ಎದಿ ಭಾಳ ಹೊಡಕೊಳ್ಳಾಕತ್ತೈತಿ. ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ. ಸರ್ ಮುಂದ ಹೇಳ್ಲೇನು?”

ನಾನು ಹೇಳಿದ್ದನ್ನೂ ಬರೆಯುತ್ತೇನೆ. ಹನ್ನೆರಡು ವರ್ಷ ಯಾರ ಮುಂದೂ ಆಡದ ಮಾತು. “ಹೇಳಿದ್ರ ಇಬ್ಬರನೂ ತಗೀತಾರ. ನಾಳೀತನಕ ತಡಕೋ. ಆಮ್ಯಾಲೆ ಊರಿಗೆ ಹೋಗಿ ಬೇಕಾದಷ್ಟ ಮಲಕೋವಂತಿ.”

ನೀನು ಹೂಂ ಎಂದೆ. ಮುಖ ಒರೆಸಿಕೊಂಡು ಟೊಪ್ಪಿಗೆ ಹಾಕಿಕೊಂಡೆ.

ಮಧ್ಯಾಹ್ನ ಸೆಮಿಫೈನಲ್. ದಸರೆ ಮುಗಿದಿತ್ತು, ಆದರೂ ಬಿಸಿಲು ನೆತ್ತಿ ಸುಡುತ್ತಿತ್ತು. ನೀನು ಆ ತುದಿಯ ಮೂಲೆಯಲ್ಲಿ, ನಾನು ಈ ತುದಿಯ ಮೂಲೆಯಲ್ಲಿ, ಒಂದೇ ಗೆರೆಯ ನೇರಕ್ಕೆ ಎದುರುಬದುರು. ಎರಡನೆಯ ಸೆಟ್ಟಿನಲ್ಲಿ ಒಂದು ಪಾಯಿಂಟ್ ಶುರುವಾಯಿತು, ಮುಗಿಯಲೇ ಇಲ್ಲ. ಇವನು ಹೊಡೆದರೆ ಅವನು ಹೊಡೆಯುತ್ತಿದ್ದ. ನೋಡುವ ಮಂದಿಯ ಕುತ್ತಿಗೆಯೆಲ್ಲ ಚೆಂಡಿನ ಕೂಡ ಆ ಕಡೆ ಈ ಕಡೆ ತಿರುಗುತ್ತಿತ್ತು. ಕುರ್ಚಿಯ ಮೇಲಿನ ಅಂಪೈರ್ ಕೂಡ ಚೆಂಡನ್ನೇ ನೋಡುತ್ತಿದ್ದ. ನಾನೊಬ್ಬಳೇ ನೆಟ್ಟಗೆ ಎದುರಿಗೆ ನೋಡುತ್ತಿದ್ದೆ. ನೀನು ಒಮ್ಮೆ ಹಿಂದಕ್ಕೆ ವಾಲಿದೆ. ಮತ್ತೆ ನಿಂತೆ. ಬೆನ್ನ ಹಿಂದೆ ಕಟ್ಟಿದ ಕೈ ಬಿಚ್ಚಿ ಎದೆಯ ಮೇಲೆ ಇಟ್ಟುಕೊಂಡೆ. ನಿನ್ನ ಕಣ್ಣು ನನ್ನ ಮೇಲೇ ಇತ್ತು. ನಾನು ಕೂಗಬಹುದಿತ್ತು, ಕೈ ಎತ್ತಬಹುದಿತ್ತು, ಓಡಿ ಬರಬಹುದಿತ್ತು. ನಾಲಗೆಯ ತುದಿ ಹಲ್ಲಿನಲ್ಲಿ ಹಿಡಿದುಕೊಂಡು ನಿಂತೆ. ಹೊಡೆತಗಳನ್ನು ಎಣಿಸುತ್ತಿದ್ದೆ, ಯಾಕೆಂದು ತಿಳಿಯದು. ಮೂವತ್ತೊಂದನೆಯದು ಬಲೆಗೆ ಬಿತ್ತು. ಮಂದಿ ಚಪ್ಪಾಳೆ ಹೊಡೆಯಲು ಶುರು ಮಾಡಿದಾಗ ನೀನು ಬಿದ್ದಿದ್ದೆ. ಆ ಚಪ್ಪಾಳೆ ಆಟಗಾರರಿಗಾಗಿತ್ತು.

ದವಾಖಾನೆಯಲ್ಲಿ ಡಾಕ್ಟರು, ಹುಡುಗಿಯ ಎದೆಯ ಕವಾಟ ಮೊದಲಿಂದಲೇ ಕೆಟ್ಟಿದೆ, ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದಿತ್ತೇನು ಎಂದು ಕೇಳಿದರಂತೆ. ಮುಂಜಾನೆಯೇ ಕರೆತಂದಿದ್ದರೆ, ಬಿಸಿಲಲ್ಲಿ ನಿಲ್ಲಿಸದಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಹೇಳಿದರಂತೆ. ಯಮನೂರಸಾಬ ಸರ್ ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರು, ಆಕೆ ಮುಂಜಾನೆ ಯಾರ ಮುಂದಾದರೂ ಏನಾದರೂ ಅಂದಿದ್ದಳೇನು ಎಂದು. ಅವರ ದನಿ ಒಡೆದಿತ್ತು. ನಾನು ಬಾಯಿ ಬಿಡಲಿಲ್ಲ.

ಭಾನುವಾರ ಫೈನಲ್ಲಿಗೂ ನಿಂತೆ, ಪುಷ್ಪಿ. ತರಬೇತಿಯವರು ಬೇರೆ ಹುಡುಗಿಯೊಬ್ಬಳನ್ನು ನಿನ್ನ ಮೂಲೆಗೆ ಹಾಕಿ, ನೀನು ನಿಲ್ಲುತ್ತೀಯಾ ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. ಯಾರು ಗೆದ್ದರೆಂದು ನನಗೆ ಗೊತ್ತಿಲ್ಲ. ಸೋಮವಾರ ನೀನು ಹೋದೆ.

ಆ ಮೇಲೆ ನಮ್ಮ ಮನೆಯಲ್ಲಿ ಇರುವುದೇ ನನಗೆ ಆಗದ ಮಾತಾಯಿತು. ಅಪ್ಪ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುತ್ತಾನೆ, ಲಾಳಿ ಎಡಕ್ಕೆ ಬಲಕ್ಕೆ ಹಾಯುತ್ತದೆ, ಟಕ್ ಟಕ್ ಎನ್ನುತ್ತದೆ. ನಾನು ಎಣಿಸುತ್ತೇನೆ. ಬೇಡವೆಂದರೂ ಎಣಿಸುತ್ತೇನೆ. ಮೂವತ್ತೊಂದಾದಾಗ ಯಾರೋ ಬೀಳುತ್ತಾರೆಂದು ಉಸಿರು ಹಿಡಿಯುತ್ತೇನೆ. ಲಾಳಿ ಮುಂದೆ ಹೋಗುತ್ತದೆ, ನಾನು ಮತ್ತೆ ಒಂದರಿಂದ ಶುರು ಮಾಡುತ್ತೇನೆ. ಮಗಳಿಗೆ ಮಗ್ಗ ಅಂದರೆ ತಾತ್ಸಾರ ಎಂದು ಅಪ್ಪ ತಿಳಿದುಕೊಂಡಿದ್ದಾನೆ. ನರೇಗಲ್ಲಿಗೆ ಬಂದು ಕೋಣೆ ಮಾಡಿಕೊಂಡೆ. ಇಲ್ಲಿಗೂ ನೀನು ಬಂದೆ. ಮುಂಜಾನೆ ಪ್ರಾರ್ಥನೆಗೆ ಮಕ್ಕಳು ನಿಂತಾಗ ಕೊನೆಯ ಸಾಲಿನಲ್ಲಿ ದೊಡ್ಡ ಟೊಪ್ಪಿಗೆಯ ಹುಡುಗಿಯೊಬ್ಬಳು ಸ್ವಲ್ಪ ಹಿಂದಕ್ಕೆ ವಾಲುತ್ತಾಳೆ. ನಾನು ಅಲ್ಲಿಯವರೆಗೆ ನಡೆದುಹೋದರೆ ಬೇರೆ ಯಾವಳೋ ಇರುತ್ತಾಳೆ, ಹೆದರಿ ನೆಟ್ಟಗಾಗುತ್ತಾಳೆ. ನನ್ನನ್ನು ಬಹಳ ಶಿಸ್ತಿನ ಟೀಚರ್ ಅನ್ನುತ್ತಾರೆ.

ನಿನ್ನ ಅವ್ವನ ಕಡೆ ಪ್ರತಿ ವರ್ಷ ಹೋಗುತ್ತೇನೆ. ಹೊಳೆ ಏರಿ ಬಂದ ವರ್ಷ ನಿಮ್ಮ ಹಳೆಯ ಮನೆ ಕುಸಿಯಿತು, ಈಗ ಚನ್ನವ್ವತ್ತಿ ಸರಕಾರದವರು ಕಟ್ಟಿಸಿಕೊಟ್ಟ ನವಗ್ರಾಮದ ಮನೆಯಲ್ಲಿದ್ದಾಳೆ. ಹೋದಾಗೊಮ್ಮೆ ಊಟಕ್ಕೆ ನೀಡಿ, ನಾನು ಕೈ ತೊಳೆಯುವ ಹೊತ್ತಿಗೆ ಕೇಳುತ್ತಾಳೆ: ಅವತ್ತ ಅಕಿ ಏನರ ಅಂದಿದ್ಲೇನವಾ? ನಾನು ಇಲ್ಲತ್ತಿ ಅನ್ನುತ್ತೇನೆ. ಆಕೆ ಮತ್ತೆ ಕೇಳುವುದಿಲ್ಲ, ಮರುವರ್ಷದವರೆಗೆ.

ಈ ಸಲ ಧಾರವಾಡದಲ್ಲಿ ಮತ್ತೆ ಪಂದ್ಯ ನಡೆದವು. ನಮ್ಮ ಸಾಲಿಯಿಂದಲೂ ಹತ್ತು ಮಕ್ಕಳನ್ನು ಕೇಳಿದರು. ಇಷ್ಟು ವರ್ಷ ಏನೋ ನೆಪ ಹೇಳಿ ತಪ್ಪಿಸಿದ್ದೆ, ಈ ಸಲ ಹೆಡ್ ಮಾಸ್ತರರು ಬಿಡಲಿಲ್ಲ. ಮಕ್ಕಳ ಜೊತೆ ನಾನೂ ಹೋದೆ. ತಂತಿಬಲೆಯ ಹೊರಗೆ ಬೆಂಚಿನ ಮೇಲೆ ಕೂತು ಆಟವನ್ನಲ್ಲ, ಮೂಲೆಗಳನ್ನು ನೋಡುತ್ತಿದ್ದೆ. ನಾಲ್ಕನೆಯ ದಿನ ನಮ್ಮ ಸಾಲಿಯ ಹುಡುಗ, ಅಬ್ಬಿಗೇರಿಯ ರಿಯಾಜ ಒಂದು ಮೂಲೆಯಲ್ಲಿ ನಿಂತಿದ್ದ. ಆಟ ನಡೆದಿತ್ತು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಮುಖ ಬಿಳಿಚಿತ್ತು. ಸ್ವಲ್ಪ ವಾಲಿದ ಹಾಗಾಯಿತು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಗೇಟು ನೂಕಿ, ಚೆಂಡು ಗಾಳಿಯಲ್ಲಿರುವಾಗಲೇ ಅಂಕಣದೊಳಗೆ ನುಗ್ಗಿ ಆ ಹುಡುಗನ ರಟ್ಟೆ ಹಿಡಿದೆ. ಆಟ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಾಗುತ್ತದಪ್ಪಾ ಎಂದು ನಾನು ತಲೆ ತಗ್ಗಿಸಿ ನಿಂತೆ. ರಿಯಾಜ ನಾಚಿ ನನ್ನ ಕಿವಿಯಲ್ಲಿ, “ಟೀಚರ್, ನನಗೇನಾಗಿಲ್ರಿ, ಒಂದಕ್ಕ ಅವಸರ ಆಗೇತ್ರಿ,” ಎಂದ.

ಅಂಪೈರ್ ಏನೋ ಒಂದು ಮಾತು ಅಂದರು. ಬೇರೆ ಹುಡುಗನೊಬ್ಬ ಓಡಿಬಂದು ರಿಯಾಜನ ಜಾಗದಲ್ಲಿ ನಿಂತ. ಆಟಗಾರ ನನಗೆ ಪರವಾಗಿಲ್ಲ ಎಂಬಂತೆ ಕೈ ಎತ್ತಿ, ಚೆಂಡು ಎರಡು ಸಲ ಪುಟಿಸಿ, ಅದೇ ಪಾಯಿಂಟನ್ನು ಮತ್ತೆ ಮೊದಲಿಂದ ಆಡಿದ. ಯಾರೂ ಬೈಯಲಿಲ್ಲ. ಯಾರ ಹೆಸರನ್ನೂ ತೆಗೆದುಹಾಕಲಿಲ್ಲ. ಅಡ್ಡ ಬಂದರೆ ಪಾಯಿಂಟ್ ಮತ್ತೊಮ್ಮೆ ಆಡುತ್ತಾರೆ, ಆ ಆಟದಲ್ಲಿ ಅದಕ್ಕೊಂದು ನಿಯಮವೇ ಇದೆ. ಒಂದು ನಿಮಿಷವೂ ಹಿಡಿಯಲಿಲ್ಲ, ಪುಷ್ಪಿ. ಅವತ್ತೂ ಅಷ್ಟೇ ಆಗುವುದಿತ್ತು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಮಕ್ಕಳು ನೋಡುತ್ತಿದ್ದರೂ ಅತ್ತೆ.

ಮುಂದಿನ ಭಾನುವಾರವೇ ರೋಣದ ಬಸ್ಸು ಹಿಡಿದು ಹೊಳೆಮಣ್ಣೂರಿಗೆ ಹೋದೆ. ಚನ್ನವ್ವತ್ತಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ವರ್ಷ ತುಂಬುವ ಮೊದಲೇ ಬಂದೆಯಲ್ಲ ಎಂದು ಹಿಗ್ಗಿದಳು. ನಾನು ನೀರೂ ಕುಡಿಯಲಿಲ್ಲ. ನಳದ ಕಡೆ ನೀನು ಹೇಳಿದ್ದು, ನಾನು ಅಂದದ್ದು, ಎದುರು ಮೂಲೆಯಿಂದ ನಾನು ಕಂಡದ್ದು, ಎಲ್ಲ ಹೇಳಿದೆ. ಹೊಡೆಯಲಿ, ಊರು ಕೂಡಿಸಲಿ, ಮನೆಯಿಂದ ಹೊರಗೆ ಹಾಕಲಿ ಎಂದುಕೊಂಡೇ ಹೇಳಿದೆ. ಆಕೆಯ ಮೊರ ನಿಲ್ಲಲಿಲ್ಲ. ಅಷ್ಟೂ ಜೋಳ ಹಸನಾಗುವವರೆಗೆ ಕೇರುತ್ತಲೇ ಇದ್ದಳು. ಆಮೇಲೆ ಮೊರ ಕೆಳಗಿಟ್ಟಳು.

“ನನಗೂ ಹೇಳಿದ್ಲವಾ,” ಎಂದಳು. “ಹಿಂದಿನ ದಿನ ಸಂಜಿಮುಂದ ನಿಮ್ಮ ಸರ್ ಫೋನಿನ್ಯಾಗ ಮಾತಾಡಿದ್ಲು. ಎದಿ ಹೊಡಕೋತೈತಿ ಯವ್ವಾ, ಬಂದಬಿಡ್ಲೇನು ಅಂದ್ಲು. ಇನ್ನೆರಡ ದಿನ ತಡಕೋ, ಇಷ್ಟ ಮಂದ್ಯಾಗ ನಿನ್ನ ಆರಿಸ್ಯಾರ, ಹೆಸರ ಕೆಡಿಸಿಕೋಬ್ಯಾಡ ಅಂದ್ನಿ.”

ಆಕೆ ಮಡಿಲಿನ ಹೊಟ್ಟು ಝಾಡಿಸಿ ನನ್ನ ಕಡೆ ತಿರುಗಿದಳು.

“ವರ್ಷಾ ವರ್ಷಾ ನಿನ್ನ ಕೇಳತಿದ್ನೆಲ್ಲ. ಅಕಿ ನಿನ್ನ ಮುಂದ ನನ್ನ ಮ್ಯಾಲೆ ಏನರ ಅಂದ ಹೋದ್ಲೇನೋ ಅಂತ ಕೇಳತಿದ್ನಿ. ನಮ್ಮವ್ವ ಬ್ಯಾಡ ಅಂದ್ಲು ಅಂತ ಅಂದಿದ್ಲೇನು? ಖರೇ ಹೇಳು.”

“ಇಲ್ಲತ್ತಿ,” ಎಂದೆ. “ನಿನ್ನ ಹೆಸರು ಒಮ್ಮೆನೂ ತಗದಿದ್ದಿಲ್ಲ.”

ಹನ್ನೆರಡು ವರ್ಷದಲ್ಲಿ ಆಕೆಗೆ ನಾನು ಹೇಳಿದ ಮೊದಲ ಖರೇ ‘ಇಲ್ಲ’ ಅದು. ಆಕೆ ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಮಾಡಲಿಕ್ಕೋ, ಬೀಳದಿರಲಿಕ್ಕೋ ನನಗೆ ತಿಳಿಯಲಿಲ್ಲ. ನನ್ನ ತಪ್ಪನ್ನು ಆಕೆ ಮಾಫು ಮಾಡಲಿಲ್ಲ, ತನ್ನದನ್ನು ಮಾಡೆಂದು ಕೇಳಲೂ ಇಲ್ಲ. ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಹಾಗೆಯೇ ಬಾಗಿಲಲ್ಲಿ ಕೂತಿದ್ದೆವು.

ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಈಗ ನನಗೆ ಮೊದಲು ಗೊತ್ತಿರದ ಒಂದು ಮಾತು ಗೊತ್ತಾಗಿದೆ. ನೀನು ಒಬ್ಬರನ್ನಲ್ಲ, ಇಬ್ಬರನ್ನು ಕೇಳಿದ್ದೆ. ಲೋಕದಲ್ಲಿ ನಿನಗೆ ಹೆಚ್ಚು ಬೇಕಾದ ಇಬ್ಬರನ್ನು. ಇಬ್ಬರೂ ತಡಕೋ ಎಂದೆವು. ನೀನು ತಡಕೊಂಡೆ.

ಇಲ್ಲಿಗೆ ಮುಗಿಸುತ್ತೇನೆ ಪುಷ್ಪಿ. ಸತ್ತವರಿಗೆ ಬದುಕಿರುವವರು ಏನು ಹರಸುವುದು? ಆದರೂ ನಿನಗಿಂತ ಈಗ ನಾನೇ ದೊಡ್ಡವಳು, ಹರಸುವ ವಯಸ್ಸಾಗಿದೆ. ನೀನು ಇರುವಲ್ಲಿ ನೆರಳಿರಲಿ. ದಣಿವಾದರೆ ಕೂತುಬಿಡು. ಯಾರನ್ನೂ ಕೇಳಬೇಡ.

ನಿನ್ನ ಜೋಡಿಯವಳು,
ಶಾಂಭವಿ
ನರೇಗಲ್