ಬೆಂಕಿಪೊಟ್ಟಣದ ಹಿಂದಿನ ಸೀಟು

ಮನೆಯಿಂದ,
ಅಕ್ಟೋಬರ್ ೧೪, ಮಂಗಳವಾರ ಮಧ್ಯಾಹ್ನ

ನನ್ನ ಬಂಗಾರ ಪುಟ್ಟೀ,

ಹೇಗಿದ್ದೀಯೇ? ಕಾಲಿನ ಊತ ಇಳೀತಾ? ಎಡ ಮಗ್ಗುಲಿಗೇ ಮಲಗು, ಭಾರ ಎತ್ತಬೇಡ. ನೋಡು, ಶುರುವಾಯ್ತು ನನ್ನ ಸೂಲಗಿತ್ತಿ ಬುದ್ಧಿ! ಅಳಿಯಂದಿರು ಅಡುಗೆ ಕಲೀತಿದ್ದಾರೆ ಅಂತ ಬರೆದಿದ್ದೆ. ಉಪ್ಪು ಜಾಸ್ತಿಯಾದ್ರೂ ಹೊಗಳು, ಸುಖವಾಗಿರ್ತೀಯ. ನಿನ್ನ ಕಾಗದದ ಕೊನೇ ಸಾಲು ಮಾತ್ರ ನಾಲ್ಕು ಸಲ ಓದಿದೆ: "ಹೆರಿಗೆಗೆ ನೀನು ಬರೋದು ಬೇಡಮ್ಮ." ಊರ ಮಕ್ಕಳನ್ನೆಲ್ಲ ಎತ್ತಿಕೊಂಡ ಕೈ ಸ್ವಂತ ಮೊಮ್ಮಗುವಿಗೆ ಬೇಡವಾಯ್ತಾ ಅಂತ ಸಿಟ್ಟು ಬಂದು, ಉತ್ತರಾನೇ ಬರೆಯಬಾರದು ಅಂದುಕೊಂಡಿದ್ದೆ.

ಆದರೆ ಶುಕ್ರವಾರ ಬೆಳಿಗ್ಗೆ ಎದುರುಮನೆ ಬೇಕರಿಯವನ ಹೆಂಡತಿಗೆ ಹೆರಿಗೆ ನೋವು ಶುರುವಾಯ್ತು. ಗಂಡ ಹಿಟ್ಟು ತರೋಕೆ ಗಿರಣಿಗೆ ಹೋಗಿದ್ದ. ಆಂಬುಲೆನ್ಸಿನವರು ಮುಕ್ಕಾಲು ಗಂಟೆ ಆಗುತ್ತೆ ಅಂದ್ರು. ನೀರಿನ ಪೈಪಿಗೆ ಅಂತ ಬೀದಿ ಅಗೆದು ಹಾಕಿದ್ದಾರೆ, ದೊಡ್ಡ ಗಾಡಿ ಬರೋ ಹಾಗೇ ಇಲ್ಲ. ಆಗ ನೆನಪಾದದ್ದು ನಮ್ಮ ಬೆಂಕಿಪೊಟ್ಟಣ. ಎರಡನೇ ಮಹಾಯುದ್ಧ ಮುಗಿದ ಕಾಲದ ಆ ಪುಟ್ಟ ಇಟಲಿ ಫಿಯಟ್ ಕಾರನ್ನ ಮಾರಿಬಿಡು ಅಂತ ನೀನೆಷ್ಟು ಹೇಳಿದ್ದೆ! ಚೋಕ್ ಎಳೆದು, ಸೀಟುಗಳ ನಡುವಿನ ಸ್ಟಾರ್ಟ್ ಮಾಡೋ ಹಿಡಿಕೆ ಎತ್ತಿದೆ; ಎರಡು ಸಲ ಕೆಮ್ಮಿ, ಟಕಟಕ ಅಂತ ಎದ್ದೇಬಿಡ್ತು. ಅದರ ಬಾಗಿಲು ಹಿಂದಕ್ಕೆ ತೆರೆಯುತ್ತಲ್ಲ, ತುಂಬಿದ ಬಸುರಿ ಸಲೀಸಾಗಿ ಕೂತಳು. ಗಾಳಿ ಬರಲಿ ಅಂತ ಮೇಲಿನ ಕ್ಯಾನ್ವಾಸ್ ಮಡಚಿದೆ. ಅವಳ ಐದು ವರ್ಷದ ಮಗಳನ್ನ ಯಾರ ಹತ್ತಿರ ಬಿಡೋದು? ಹಿಂದಿನ ಸೀಟಿಗೆ ಹತ್ತಿಸಿದೆ. ಹಳ್ಳಕ್ಕೂ ಗೋಡೆಗೂ ನಡುವೆ ಗೇಣು ಜಾಗದಲ್ಲಿ ನುಸುಳಿ, ಇಪ್ಪತ್ತು ನಿಮಿಷಕ್ಕೆ ಆಸ್ಪತ್ರೆ ಮುಟ್ಟಿದೆವು.

ಒಳಗೆ ನುಗ್ಗೋಕೆ ಹೋದ ನನ್ನನ್ನ ನರ್ಸಮ್ಮ ಬಾಗಿಲಲ್ಲೇ ತಡೆದಳು. "ಇನ್ನು ನಾವು ನೋಡ್ಕೊತೀವಿ ಅಮ್ಮ, ನೀವು ಮಗು ಜೊತೆ ಇರಿ." ಮುಖಕ್ಕೆ ಹೊಡೆದ ಹಾಗಾಯ್ತು. ವಾಪಸ್ ಬಂದು ಕಾರಲ್ಲಿ ಕೂತೆ. ಆ ಹುಡುಗಿ ಕಿಟಕಿಗೆ ಮೂಗು ಒತ್ತಿಕೊಂಡು, "ಅಮ್ಮ ಯಾವಾಗ ಬರ್ತಾಳೆ?" ಅಂದಳು. ಈಗ ಬರ್ತಾಳೆ ಅಂದೆ. ಎರಡು ನಿಮಿಷಕ್ಕೆ ಮತ್ತೆ ಅದೇ. ಮತ್ತೆ ಅದೇ. ಕೊನೆಗೆ ಕೇಳೋದನ್ನೇ ನಿಲ್ಲಿಸಿ, ಸುಮ್ಮನೆ ಸೀಟಿನ ಹೊಲಿಗೆ ಕೀಳ್ತಾ ಕೂತಳು. ಆ ಮೌನ ನನಗೆ ತಡೆಯೋಕಾಗಲಿಲ್ಲ ಪುಟ್ಟಿ. ಅದೇ ಸೀಟಲ್ಲಿ, ಮಡಿಲಲ್ಲಿ ಪಾಠದ ಪುಸ್ತಕ ಇಟ್ಟುಕೊಂಡು, ನಾನು ಹೆರಿಗೆ ಮಾಡಿಸ್ತಿದ್ದ ಯಾರ್ಯಾರದೋ ಮನೆ ಮುಂದೆ ನೀನೂ ಹೀಗೇ ಕಾದಿದ್ದೆಯಲ್ಲ. "ನನ್ನ ಮಗಳು ಹಟಾನೇ ಮಾಡಲ್ಲ" ಅಂತ ನಾನು ಎಲ್ಲರ ಮುಂದೆ ಜಂಬ ಕೊಚ್ಚಿಕೊಳ್ತಿದ್ದೆ. ನೀನು ಕೇಳಿ ಕೇಳಿ ಸೋತಿದ್ದೆ ಅಂತ ಅರ್ಥವಾಗೋಕೆ ನನ್ನ ತಲೆ ನರೆಯಬೇಕಾಯ್ತು. ತಪ್ಪಾಯ್ತು ಕಣೇ.

ಬೇಕರಿಯವನ ಹೆಂಡತಿಗೆ ಗಂಡು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಮೈತುಂಬ ಹಿಟ್ಟು ಮೆತ್ತಿಕೊಂಡು ಓಡಿಬಂದ ಅಪ್ಪನನ್ನ ನೋಡಿ ಮಗಳು ಬಿದ್ದು ಬಿದ್ದು ನಕ್ಕಳು.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ನನ್ನ ಹೆರಿಗೆ ಚೀಲಾನ, ಕತ್ತರಿ ಸಮೇತ, ಆ ನರ್ಸಮ್ಮನಿಗೇ ನಿನ್ನೆ ಕೊಟ್ಟುಬಂದೆ. ನೀನು ಬಾ ಅಂದರೆ ಬರಿಗೈಲಿ ಬರ್ತೀನಿ, ನಿನ್ನ ಕೈ ಹಿಡ್ಕೊಂಡು ಕೂತಿರ್ತೀನಿ, ಅಷ್ಟೇ. ಬೇಡ ಅಂದರೂ ಬೇಜಾರಿಲ್ಲ. ಒಂದು ಸಾಲು ಬರಿ.