ಅಂಕಣದ ಬಿಳಿ ಗೆರೆ

ಮಾರ್ಚ್ ೭, ಶುಕ್ರವಾರ

ಈ ಕತೆ ಮೊದಲು ಹೇಳಿದ್ದು ಕೊನೇ ವರ್ಷದ ಅಕ್ಕ, ನಿನ್ನೆ ಸಂಜೆ ಮೆಸ್ಸಿನಲ್ಲಿ. ಸಭಾಂಗಣ ನೃತ್ಯದವರ ಪಾಲಾಗಿತ್ತು. ಗೆರೆ ಹಿಡಿದು ಓಡುವ ನಮ್ಮ ರೋಬೋಟುಗಳಿಗೆ ಉಳಿದದ್ದು ಬಾಸ್ಕೆಟ್‌ಬಾಲ್ ಅಂಕಣವೊಂದೇ. ಅದೂ ಆಗದಿದ್ದರೆ ನಾಳೆಯ ಸ್ಪರ್ಧೆಯೇ ರದ್ದು.

"ನಮ್ಮ ವರ್ಷವೂ ಅಲ್ಲೇ ಮಾಡಿದ್ವಿ ಕಣ್ರೋ. ನಾವು ಅಂಟಿಸಿದ ಬಿಳಿ ಟೇಪು ಬಿಟ್ಟು ರೋಬೋಟುಗಳು ಅಂಕಣದ ಬಿಳಿ ಗೆರೆ ಹಿಡಿದು ಹೊರಟವು. ಒಂದಂತೂ ನಡುವಿನ ವೃತ್ತದಲ್ಲಿ ಸಿಕ್ಕಿಕೊಂಡು, ಗಾಣದೆತ್ತಿನ ಹಾಗೆ ಬ್ಯಾಟರಿ ಸಾಯೋವರೆಗೂ ಸುತ್ತಿತು. ಪ್ರಿನ್ಸಿಪಾಲರು ಅದೇ ಗೆದ್ದಿದ್ದು ಅಂತ ಚಪ್ಪಾಳೆ ಹೊಡೆದರು!"

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ನಮ್ಮ ಮುಖ ಸಪ್ಪಗಾಯಿತು. ನಾವು ತಂದಿದ್ದೂ ಬಿಳಿ ಟೇಪೇ. ಪಕ್ಕದ ಮೇಜಿನಲ್ಲಿ ಬಾಸ್ಕೆಟ್‌ಬಾಲ್ ತಂಡದವರು ಇನ್ನೂ ನಗುತ್ತಲೇ ಇದ್ದರು. ಈ ವಿಷಯ ಊರೆಲ್ಲ ಟಾಂಟಾಂ ಆಗುತ್ತದೆ ಅಂದುಕೊಂಡೆ.

ಬೆಳಿಗ್ಗೆ ಹೋಗಿ ನೋಡಿದರೆ, ಅವರೇ ಅಭ್ಯಾಸ ಬಿಟ್ಟು, ಬರಿಗಾಲಲ್ಲಿ, ಹಳೇ ಬ್ಯಾನರುಗಳನ್ನು ಬಿಳೀ ಬೆನ್ನು ಮೇಲಾಗುವಂತೆ ಅಂಕಣದ ತುಂಬ ಹಾಸುತ್ತಿದ್ದರು.

"ಬಾಯಿ ಬಿಟ್ಕೊಂಡು ನಿಂತ್ಕೋಬೇಡ ಮಾರಾಯ, ಮೂಲೆ ಹಿಡಿ," ಅಂದ ಅವರ ನಾಯಕ.

ಅವರು ಮಂಡಿಯೂರಿ ಕಪ್ಪು ಟೇಪು ಅಂಟಿಸಿದರು, ನಾವು ರೋಬೋಟುಗಳಿಗೆ ಕಪ್ಪು ಗೆರೆ ಕಲಿಸಿದೆವು. ಮೊದಲನೆಯದು ತಿರುವಿನಲ್ಲಿ ತಡವರಿಸಿತು. ಎಲ್ಲರೂ ಉಸಿರು ಬಿಗಿಹಿಡಿದೆವು. ಆಮೇಲೆ ಅದು ಮೆಲ್ಲಗೆ ತಿರುಗಿತು, ನಾಯಕ ನನ್ನನ್ನು ಎತ್ತಿಕೊಂಡೇ ಅಂಕಣದ ಸುತ್ತ ಓಡಿದ.