ತಿಮಿಂಗಿಲದ ಹಗೇವು

ಏಪ್ರಿಲ್ 4

ಇವತ್ತೂ ಮಾಂಸದ ಹಗೇವು ಕೆರೆದದ್ದೇ ಕೆಲಸ. ಏಣಿ ಇಳಿದು, ಗೋಡೆ, ಮೂಲೆ, ತಳ... ಹಳೆಯ ನೆತ್ತರಿನ ಕಲೆ ಕೂಡ ಉಳಿಯಬಾರದು. ಹಗೇವು ಗಲೀಜಾಗಿದ್ದರೆ ತಿಮಿಂಗಿಲ ಬೇರೆಯವರ ದೋಣಿ ಹುಡುಕಿಕೊಂಡು ಹೋಗುತ್ತದೆ. ಗಂಡಸರು ಈಟಿ ಹಿಡಿಯುವುದು ಆಮೇಲೆ. ಮೊದಲು ದೋಣಿ ಯಜಮಾನನ ಹೆಂಡತಿ ಅದಕ್ಕೆ ಮನೆ ತೊಳೆದಿಡಬೇಕು. ನನಗಿಂತ ಮೊದಲು ಅತ್ತೆ ಮಾಡುತ್ತಿದ್ದರು, ಅವರಿಗಿಂತ ಮೊದಲು ಅವರ ಅತ್ತೆ.

ತಳದಲ್ಲಿ ಹೊಸ ಹಿಮಗಡ್ಡೆ. ಕಳೆದ ಬೇಸಿಗೆಯಲ್ಲಿ ನೀರು ನುಗ್ಗಿ, ಚಳಿಗೆ ಮತ್ತೆ ಹೆಪ್ಪುಗಟ್ಟಿದೆ. ಹೋದ ವರ್ಷ ನಮಗೆ ತಿಮಿಂಗಿಲ ಸಿಗಲಿಲ್ಲ, ಹಗೇವಿನ ಬಾಯಲ್ಲಿಟ್ಟ ಒಂದಿಷ್ಟು ಮೀನು ಬಿಟ್ಟರೆ ಏನೂ ಇರಲಿಲ್ಲ, ತಳಕ್ಕೆ ಯಾರೂ ಇಳಿದು ನೋಡಿರಲಿಲ್ಲ. ಗೋಡೆಯಿಂದ ಮಣ್ಣಿನ ಹೆಂಟೆ ಬೇರೆ ಕಳಚಿ ಬಿದ್ದಿದೆ. ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಲ್ಲಿ ತೋಡಿದ, ಕಲ್ಲಿನಂಥ ಗೋಡೆ ಅದು.

ಮೇಲಿನಿಂದ ಅತ್ತೆಯ ಕೂಗು. "ಏನೇ ಮಿರಿಯಂ, ಒಳಗೇ ಮಲಗಿಬಿಟ್ಯಾ?"

"ನೀರು ಬಂದಿತ್ತು ಅತ್ತೆ."

"ಬರದೆ ಏನ್ಮಾಡತ್ತೆ? ಬೇಸಿಗೇಲಿ ಹೊತ್ತಿಲ್ಲ ಗೊತ್ತಿಲ್ಲ, ಮುಚ್ಚಳ ತೆಗೀತಾ ಇದ್ರೆ! ನನ್ನ ಕಾಲದಲ್ಲಿ ಹಬ್ಬ ಮುಗಿದು ಮುಚ್ಚಿದ್ರೆ, ಮತ್ತೆ ಚಳಿ ಹಿಡಿದ ಮೇಲೇ ತೆಗೀತಿದ್ದದ್ದು."

ಇರಬಹುದು, ನನ್ನದೇ ತಪ್ಪಿರಬಹುದು. ಗಡ್ಡೆ ಒಡೆದು ಮೇಲೆ ಸಾಗಿಸಿ, ಹೊಸ ಹಿಮ ತಂದು ಹಾಸಿದೆ. ಬೆಳ್ಳಗೆ, ಮೆತ್ತಗೆ. "ಹೊಸ ಹಿಮ ಹಾಕಿದ್ಯೇನೇ?" ಅಂತ ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಏಪ್ರಿಲ್ 6

ನನ್ನ ಗಂಡ ಎಬೆನ್ ಎಣ್ಣೆ ಬಾವಿಯ ಡ್ಯೂಟಿ ಮುಗಿಸಿ ಬಂದ. ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ನೀರಿನ ವಿಷಯ ಹೇಳಿದೆ. ಸೂಪು ಕುಡಿಯುವುದು ನಿಲ್ಲಿಸಿದ.

"ಈ ಸಲ ಸಿಕ್ಕಿದ್ರೆ ದೊಡ್ಡ ಫ್ರೀಜರ್ ತರಿಸೋಣ."

ಅತ್ತೆ ಬಿಡುತ್ತಾರೆಯೇ? "ಕರೆಂಟಿನ ಡಬ್ಬೀಲಿ ಯಾವ ತಿಮಿಂಗಿಲ ಮಲಗತ್ತೋ? ನೀನೇ ಹೋಗಿ ಮಲಗು."

ಎಲ್ಲರೂ ನಕ್ಕೆವು. ಮನೆಯ ಒಲೆ, ದೋಣಿಯ ಮೋಟರು, ಊರಿನ ಶಾಲೆ, ಎಲ್ಲ ಆ ಎಣ್ಣೆಯದೇ. ನೆಲ ಯಾಕೆ ಕರಗುತ್ತಿದೆ ಅಂತ ನಮಗೂ ಗೊತ್ತು. ಈ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಉಣ್ಣುವ ತಟ್ಟೆಯ ಬಗ್ಗೆ ಏನಂತ ಮಾತಾಡುವುದು?

ಮೇ 11, ಮಧ್ಯಾಹ್ನ

ಬಂತು! ನಮ್ಮ ದೋಣಿಗೇ ಬಂತು!

ಸಮುದ್ರದ ಹಿಮಗಡ್ಡೆಯ ಅಂಚು ತೆಳ್ಳಗಾಗಿತ್ತು, ತಿಮಿಂಗಿಲವನ್ನು ಎಳೆದು ಮೇಲೆ ಹಾಕುವಾಗ ಎರಡು ಸಲ ಬಿರುಕು ಬಿಟ್ಟಿತು. ಇಡೀ ಊರು ಹಗ್ಗ ಹಿಡಿಯಿತು. ಈಟಿ ಹಾಕಿದವನು ಕ್ಲೈಡ್, ಎಬೆನ್‌ನ ಚಿಕ್ಕಪ್ಪನ ಮಗ. ನೆತ್ತರಿನ ಕೈಯಲ್ಲೇ ಬಂದು, "ಅತ್ತಿಗೆ, ನನ್ನ ಗುರಿ ನೋಡಿ ಅಲ್ಲ, ನಿಮ್ಮ ಹಗೇವು ನೋಡಿ ಬಂದದ್ದು ಅದು. ಹಾಗಂತ ನನ್ನ ಪಾಲು ಕಮ್ಮಿ ಮಾಡ್ಬೇಡಿ ಮತ್ತೆ!" ಅಂದ. ಅತ್ತೆ ಅಳುತ್ತಿದ್ದರು. ನಾನೂ.

ಜೂನ್ 23

ಹಬ್ಬ ಮುಗಿಯಿತು. ಊರಿಗೆಲ್ಲ ಬಡಿಸಿ ಬಡಿಸಿ ತೋಳು ಸೋತಿದೆ.

ಬೇಟೆಯ ದಿನವೇ ಹಗೇವಿಗೆ ಇಳಿಸಿದ ಬಾಲದ ಭಾಗ ಹಾಗೇ ಉಳಿಸಿದ್ದೇವೆ. ಅದು ನಮ್ಮದಲ್ಲ, ಊರಿನದು. ನವೆಂಬರ್ ಹಬ್ಬದ ದಿನ ಚರ್ಚಿನಲ್ಲಿ ಮನೆಮನೆಗೂ ಹಂಚಬೇಕು. ಅಲ್ಲಿಯವರೆಗೆ ಜೋಪಾನ ಮಾಡುವುದು ಯಜಮಾನನ ಮನೆಯ ಮಾನ. ಮುಚ್ಚಳದ ಮೇಲೆ ತೊಗಲು, ಅದರ ಮೇಲೆ ಹುಲ್ಲು ಮಣ್ಣು ಹಾಕಿದೆ. ಈ ಸಲ ಮುಚ್ಚಳ ಒಂದು ಬೆರಳಷ್ಟೂ ತೆಗೆಯುವುದಿಲ್ಲ. ಅತ್ತೆಯ ಕೈಯಲ್ಲಿ ಇನ್ನೊಂದು ಸಲ ಅನ್ನಿಸಿಕೊಳ್ಳಲಾರೆ.

ಜುಲೈ 29

ಸೆಕೆ. ಹೌದು, ಸೆಕೆ. ಹುಡುಗರು ಬರಿ ಮೈಯಲ್ಲಿ ಸಮುದ್ರಕ್ಕೆ ಹಾರುತ್ತಿದ್ದಾರೆ. ಸೊಳ್ಳೆ ಕಾಟ. ದಂಡೆ ಇನ್ನೊಂದಷ್ಟು ಕುಸಿಯಿತು.

ನಾಯಿ ಹಗೇವಿನ ಮುಚ್ಚಳ ಮೂಸುತ್ತ ಅಲ್ಲೇ ಸುತ್ತುತ್ತಿದೆ. ಡ್ಯೂಟಿಯಲ್ಲಿದ್ದ ಎಬೆನ್‌ಗೆ ಫೋನ್ ಮಾಡಿದೆ.

"ತೆಗೆದು ನೋಡು ಮಿರಿಯಂ."

"ಅತ್ತೆ ಬೇಡ ಅಂತಾರೆ. ಈ ಸೆಕೇಲಿ ತೆಗೆದ್ರೆ ಬಿಸಿ ಗಾಳಿ ಒಳಗೆ ಹೋಗಲ್ವಾ?"

ಅವನ ಹಿಂದೆ ಯಂತ್ರದ ಸದ್ದು. "ಹಾಗಾದ್ರೆ ಬೇಡ ಬಿಡು," ಅಂದ.

ತೆಗೆಯಲಿಲ್ಲ. ಇನ್ನಷ್ಟು ಮಣ್ಣು ಹೊದಿಸಿದೆ.

ಸೆಪ್ಟೆಂಬರ್ 27

ತೆಗೆದೆವು.

ಬರೆಯಲಾಗುತ್ತಿಲ್ಲ.

ಸೆಪ್ಟೆಂಬರ್ 28

ವಾಸನೆ ಕೂದಲಿನಿಂದ ಹೋಗುತ್ತಿಲ್ಲ. ಅರ್ಧ ಏಣಿಯವರೆಗೆ ಕಪ್ಪು ನೀರು. ಮಾಂಸ ತೇಲುತ್ತಿತ್ತು... ಹಸಿರುಗಟ್ಟಿ, ಮುಟ್ಟಿದರೆ ಕಳಚಿಕೊಳ್ಳುತ್ತಿತ್ತು. ಒಂದು ಪಕ್ಕದ ಗೋಡೆ ಪೂರ್ತಿ ಕುಸಿದಿದೆ. ಎಷ್ಟು ವಾರದಿಂದ ಹೀಗಿತ್ತೋ. ಜುಲೈಯಲ್ಲಿ ತೆಗೆದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಹಗೇವು ಕಾಯುತ್ತೇನೆ ಅಂದುಕೊಂಡು ಅದರ ಮೇಲೆ ಮಣ್ಣು ಹಾಕುತ್ತ ಕೂತಿದ್ದೆ.

ಊರಾಚೆ ಮೂಳೆ ಹಾಕುವ ಜಾಗಕ್ಕೆ ಸಾಗಿಸಿದೆವು, ಕರಡಿಗಳ ಪಾಲಿಗೆ. ಅಕ್ಕಪಕ್ಕದವರೆಲ್ಲ ಬಂದು ಕೈ ಹಾಕಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಮಾತು ನಿಲ್ಲಿಸದ ಕ್ಲೈಡ್ ಕೂಡ ತಲೆ ತಗ್ಗಿಸಿಕೊಂಡೇ ಹೊತ್ತ.

ನಿನ್ನೆ ರಾತ್ರಿ ಅತ್ತೆ ಊಟ ಮುಟ್ಟಲಿಲ್ಲ. "ಅದು ತಾನಾಗೇ ಬಂದು ಜೀವ ಕೊಟ್ಟಿತ್ತು ಕಣೇ. ನಾವು ಕೊಳೆಸಿಬಿಟ್ವಿ," ಅಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ತೆಗೀಬೇಡ ಅಂದವಳು ನಾನು," ಅಂದರು.

"ನಾನೂ ತೆಗೀಲಿಲ್ವಲ್ಲ ಅತ್ತೆ."

ಎಬೆನ್ ಬಾಗಿಲಲ್ಲಿ ನಿಂತಿದ್ದ. ಮೈಮೇಲೆ ಕಂಪನಿಯ ಜಾಕೆಟ್. ಬಿಚ್ಚಿ ಮೂಲೆಗೆ ಎಸೆದ. ಇವತ್ತು ಬೆಳಿಗ್ಗೆ ಅದನ್ನೇ ಹಾಕಿಕೊಂಡು ಡ್ಯೂಟಿಗೆ ಹೊರಟ. ಚಳಿಗೆ ಬೇರೆ ಇಲ್ಲ.

ನವೆಂಬರ್ ಹಬ್ಬ

ಚರ್ಚಿನಲ್ಲಿ ಹಿಂದಿನ ಬೆಂಚು. ಬೇರೆ ಯಜಮಾನರು ತಮ್ಮ ತಮ್ಮ ಹಗೇವಿನದು ಹಂಚಿದರು. ಅವರಲ್ಲೂ ಒಬ್ಬರದು ಅರ್ಧ ಹಾಳಾಗಿದೆಯಂತೆ. ನಮಗೂ ಪಾಲು ಕೊಟ್ಟರು, ಎಲ್ಲರಿಗಿಂತ ಮೊದಲು ನಮಗೇ. ಪಾಲು ಕೈಗಿಟ್ಟ ಹೆಂಗಸಿನ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಸಾಯುವ ಹಾಗಾಯಿತು. ಅತ್ತೆ ಒಂದು ತುಂಡು ಬಾಯಲ್ಲಿಟ್ಟುಕೊಂಡು ನುಂಗದೆ ಕೂತಿದ್ದರು.

ಮಾರ್ಚ್ 16

ಹಗೇವಿಗೆ ಜಲ್ಲಿ ತುಂಬಿಸಿದೆವು. ಹಾಗೇ ಬಿಟ್ಟರೆ ಮನೆಯೇ ವಾಲುತ್ತದಂತೆ. ಲಾರಿ ಸುರಿಯುವಾಗ ಅತ್ತೆ ಕಿಟಕಿಯ ಪರದೆ ಎಳೆದರು. ಅವರ ಅತ್ತೆಯ ಅತ್ತೆ ಮೂಳೆಯ ಗುದ್ದಲಿಯಲ್ಲಿ ತೋಡಿದ ಹಗೇವು. ಒಂದು ಮಧ್ಯಾಹ್ನಕ್ಕೆ ಮುಗಿಯಿತು.

ಫ್ರೀಜರ್ ಬಂದಿದೆ. ಶವದ ಪೆಟ್ಟಿಗೆಯಷ್ಟು ಉದ್ದ. ಹಗಲೂ ರಾತ್ರಿ ಗುಂಯ್ ಅನ್ನುತ್ತದೆ.

ಏಪ್ರಿಲ್ 4

ಎದ್ದವಳೇ ಕೆರೆಯುವ ಸಲಿಕೆ ಹಿಡಿದು ಹೊರಗೆ ಬಂದಿದ್ದೆ. ಜಲ್ಲಿಯ ಮೇಲೆ ನಿಂತಾಗ ನೆನಪಾಯಿತು.

ವಾಪಸ್ ಬಂದು ಫ್ರೀಜರ್ ತೊಳೆದೆ. ಹೊಸದು, ತೊಳೆಯಲು ಏನಿದೆ? ಆದರೂ ತೊಳೆದೆ. ಮೂಲೆ ಮೂಲೆ. ಎಬೆನ್ ನೋಡುತ್ತ ನಿಂತ. ನಗಲಿಲ್ಲ. ಬಗ್ಗಿ ಇನ್ನೊಂದು ಬಟ್ಟೆ ತೆಗೆದುಕೊಂಡು ಆ ಕಡೆಯಿಂದ ಒರೆಸತೊಡಗಿದ.

"ಬರತ್ತೇನೋ ಎಬೆನ್, ಇದನ್ನ ನೋಡಿ?"

"ಗೊತ್ತಿಲ್ಲ ಕಣೇ."

ಈಗ ಸ್ವಲ್ಪ ಹಿಮ ಹಾಸಬೇಕು. ಅಷ್ಟಾದರೂ. ಬಕೆಟ್ ಹಿಡಿದು ಹೊರಗೆ ಹೋದೆ. ಮುಖದ ಮೇಲೆ ಹನಿ. ಮಳೆ. ಹಿಮ ಬೀಳಬೇಕಾದ ಏಪ್ರಿಲ್‌ನಲ್ಲಿ ಮಳೆ! ಅಂಗಳದ ಹಿಮವೆಲ್ಲ ಬೂದಿ ಬಣ್ಣದ ರಾಡಿ. ಮನೆಯ ಹಿಂದೆ ನೋಡಿದೆ, ದೋಣಿಯ ಕೆಳಗೆ ನೋಡಿದೆ. ಒಂದು ಬೊಗಸೆ ಬಿಳೀದು ಸಿಗಲಿಲ್ಲ. ಬಾಗಿಲ ಸೂರಿನಡಿ ಕೂತು, ಖಾಲಿ ಬಕೆಟ್ ಕಾಲ ಬಳಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ, ಇದು ಎರಡನೇ ಸಲ — "ಮಿರಿಯಂ, ಹೊಸ ಹಿಮ ಹಾಕಿದ್ಯೇನೇ?"

ಏನಂತ ಹೇಳಲಿ?